ಆಪ್ ಅಂದರೆ ಯಾರು

ಲಕ್ಷ್ಮವ್ವನಿಗೆ ಸಿಟ್ಟು ನೆತ್ತಿಗೇರಿತ್ತು. ಗೋವಾದ ವಾಸ್ಕೋದಲ್ಲಿನ ಆ ಸಣ್ಣ ಆಸ್ಪತ್ರೆಯ ಮಂಚದ ಮೇಲೆ ಗಂಡ ಕಂಠೆಪ್ಪ ಹಲ್ಲು ಕಚ್ಚಿ ಮಲಗಿದ್ದ, ಉಟ್ಟ ಲುಂಗಿ ರಕ್ತದಲ್ಲಿ ತೊಯ್ದಿತ್ತು. ಡಾಕ್ಟರ್ ಗದರಿಸುತ್ತಿದ್ದುದು ಮಾತ್ರ ಅವಳನ್ನು. ಪಿನ್ನು ಕಿತ್ತವರು ಯಾರು, ತಲೆಯಲ್ಲಿ ಬುದ್ಧಿ ಇದೆಯೋ ಇಲ್ಲವೋ ಎಂದು ಹಿಂದಿಯಲ್ಲಿ.

ಕಿತ್ತವಳು ಅವಳೇ, ಸುಳ್ಳಲ್ಲ. ಸಕ್ಕರೆ ಕಾಯಿಲೆಯಿಂದ ಕಂಠೆಪ್ಪನಿಗೆ ಮುಂದೊಗಲು ಬಿಗಿದು ಉಚ್ಚೆ ಹೊಯ್ಯುವುದೇ ಸಂಕಟವಾಗಿತ್ತು. ಹೋದ ವಾರ ಇದೇ ಡಾಕ್ಟರ್ ಅದನ್ನು ಮಷಿನ್ನಿನಿಂದ ಕತ್ತರಿಸಿದ್ದ. ಹೊಲಿಗೆಯ ಬದಲು ಗಾಯದ ಸುತ್ತ ಸಣ್ಣ ಪಿನ್ನು ಹೊಡೆಯುವ ಮಷಿನ್ನು ಅದು. ಹೊರಡುವಾಗ "ಪಿನ್ ಅಪನೇ ಆಪ್ ನಿಕಲೇಗಾ" ಎಂದ. ಕಂಪೌಂಡರ್ ಸೋಮನಾಥನೂ ಅದನ್ನೇ ಹಿಂದಿಯಲ್ಲಿ ಒದರಿದ. ಬಂದರಿನಲ್ಲಿ ದುಡಿಯುತ್ತ ಕಲಿತ ಕಂಠೆಪ್ಪನ ಹಿಂದಿಯಲ್ಲಿ 'ಆಪ್' ಎಂದರೆ 'ನೀವು', ಅಷ್ಟೇ. ತಾನಾಗಿಯೇ ಬೀಳುತ್ತದೆ ಎಂದದ್ದು ಅವನಿಗೆ ನೀವೇ ತೆಗೆಯಿರಿ ಎಂದು ಕೇಳಿಸಿತು.

ಅವರು ಬಾಡಿಗೆಗಿದ್ದ ಸಡಾ ಓಣಿಯಲ್ಲಿ ಪಕ್ಕದ ಮನೆಯ ಫರ್ಹೀನಳಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಕೇಳಿದ್ದರೆ ಬಿಡಿಸಿ ಹೇಳುತ್ತಿದ್ದಳು. ಆದರೆ "ಮರ್ಯಾದಿ ಹೋಗತೈತಿ, ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದು ಈ ಮಹಾರಾಯ ಆಣೆ ಹಾಕಿಸಿಕೊಂಡಿದ್ದ. ಕೊನೆಗೆ ಬಾಗಿಲು ಹಾಕಿಕೊಂಡು, ಮುಳ್ಳು ತೆಗೆಯುವ ಚಿಮಟದಿಂದ ಅವಳೇ ಎಳೆದಳು. ಗಾಯ ಬಾಯಿಬಿಟ್ಟಿತು.

ಈಗ ಡಾಕ್ಟರ್ ಸೂಜಿ ದಾರ ತರಿಸಿದ. ಮಾಯುವಾಗ ಚರ್ಮ ಮತ್ತೆ ಬಿಗಿಯಬಹುದು, ಆಗ ಇನ್ನೊಮ್ಮೆ ಕೊಯ್ಯಬೇಕಾದೀತು ಎಂದು ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದ. ಅಷ್ಟು ಮಾತ್ರ ಅವಳಿಗೆ ಚೆನ್ನಾಗಿ ತಿಳಿಯಿತು.

ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ್ದೇ ತಡ, ಕಂಠೆಪ್ಪ ಎಗರಿದ. ಸೋಮನಾಥ ಅವನ ತೊಡೆ ಒತ್ತಿ ಹಿಡಿದ.

"ತಡ್ಕೋರಿ ಕಾಕಾ, ಆತು, ಇನ್ನೊಂದೀಟ."

ಅವನ ಬಾಯಲ್ಲಿ ಕನ್ನಡ ಕೇಳಿ ಲಕ್ಷ್ಮವ್ವ ಅವನನ್ನೇ ದಿಟ್ಟಿಸಿದಳು. "ಯಾವೂರೋ ನಿಂದು?"

"ಮುದ್ದೇಬಿಹಾಳ್ರಿ," ಎಂದ ಸೋಮನಾಥ, ತಲೆ ಎತ್ತಲಿಲ್ಲ.

"ಅವತ್ತ ನಾವು ಕಣ್ಣ ಕಣ್ಣ ಬಿಟ್ಕೊಂಡ ನಿಂತಿದ್ವಿ. ಹಿಂದ್ಯಾಗ ಯಾಕ ಒದರಿದಿ?"

"ಕನ್ನಡ ಮಾತಾಡಿದ್ರ ಇಲ್ಲೆ ಎಲ್ಲಾರೂ ಘಾಟಿ ಅಂತಾರ್ರಿ ಕಾಕು."

ಘಟ್ಟದ ಆಚೆಯಿಂದ ಬಂದವರಿಗೆ ಇಲ್ಲಿನವರು ಹೀಯಾಳಿಸಿ ಇಟ್ಟ ಹೆಸರು. ಲಕ್ಷ್ಮವ್ವನಿಗೇನು ಹೊಸದಲ್ಲ, ನಳದ ಸಾಲಿನಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ.

"ನನಗ ದಿನಾ ಅಂತಾರ," ಎಂದಳು. "ಅನಿಸಿಕೊಂಡ್ರ ಮೈಯಾಗಿಂದೇನೂ ಹರದ ಬೀಳೂದಿಲ್ಲ. ನೀ ಬಾಯಿ ಮುಚ್ಚಿಕೊಂಡಿದ್ದಕ್ಕ ಇವನ ಮೈ ಹರಿದೈತಿ ನೋಡು."

ಡಾಕ್ಟರ್ ಸೂಜಿ ನಿಲ್ಲಿಸಿ, ಈಕೆ ಏನನ್ನುತ್ತಿದ್ದಾಳೆ ಎಂದು ಸೋಮನಾಥನನ್ನು ಹಿಂದಿಯಲ್ಲಿ ಕೇಳಿದ. ಅವನು ಕಂಠೆಪ್ಪನ ತೊಡೆಯನ್ನು ಇನ್ನಷ್ಟು ಒತ್ತಿ ಹಿಡಿದ.

"ಹೇಳೋ," ಎಂದಳು ಲಕ್ಷ್ಮವ್ವ. "ನಿನಗ ಎರಡೂ ಬರತಾವಲ್ಲ."