ಹತ್ತಿಮಾವನ ಕರಿಕಿವಿ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರನ್ನು ನೀವು ನೋಡಿರಬಹುದು. ನಮ್ಮ ಸೋದರಮಾವ ಅಷ್ಟು ಕೆಟ್ಟವರಲ್ಲ. ಅವರ ಮೊಲಕ್ಕೆ ಕಾಲು ನಾಲ್ಕೇ. ತಕರಾರೆಲ್ಲ ಕಿವಿಯದು.

ಮಾವ ಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಹತ್ತಿ ತುಂಬಿ ನಿಲ್ಲಿಸುವವರು. ಊರೆಲ್ಲ ಅವರನ್ನು ಹತ್ತಿಮಾವ ಎನ್ನುತ್ತದೆ. ಅವರು ತುಂಬಿದ ಹುಲಿಯನ್ನು ಕಂಡು ನಿಜವಾದ ಹುಲಿಯೊಂದು ಹೆದರಿ ದಾರಿ ಬಿಟ್ಟಿತ್ತು. ಸುಳ್ಳಾದರೆ ನನ್ನ ಬಾಯಿಗೂ ಹತ್ತಿ ತುಂಬಿ.

ಮುಂಬಾಗಿಲಿನ ಹಜಾರದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಅವರ ಕರಿಕಿವಿ ಮೊಲ. ಇದು ಬಯಲಿನ ಮಾಮೂಲಿ ಮೊಲವಲ್ಲ, ಬೇರೆಯೇ ಜಾತಿ ಎಂಬುದು ಮಾವನ ಸಿದ್ಧಾಂತ. ಹೊಸದಾಗಿ ಬಂದ ಮುಖ್ಯಸ್ಥೆ, ನಮ್ಮೆಲ್ಲರ ಮೇಡಂ, ಒಂದೇ ಮಾತು ಹೇಳಿದರು: "ಡಿಎನ್‌ಎ ನೋಡೋಣ. ಬೇರೆ ಅಂತ ಬಂದ್ರೆ ಇಲ್ಲೇ ಇರುತ್ತೆ. ಇಲ್ಲಾಂದ್ರೆ ಉಗ್ರಾಣಕ್ಕೆ."

ಉಗ್ರಾಣವೆಂದರೆ ಬಾಲ ಉದುರಿದ ನರಿ, ಕೊಕ್ಕು ಮುರಿದ ಕೊಕ್ಕರೆಗಳ ಕತ್ತಲೆಕೋಣೆ. ಮಾವನ ಮುಖ ಹಿಂಡಿದ ನಿಂಬೆಹಣ್ಣಾಯಿತು.

ಪರೀಕ್ಷೆಗೆ ಚೂರು ತೆಗೆಯುವ ಕೆಲಸ ಅಲ್ಲೇ ಸಹಾಯಕನಾಗಿರುವ ನನ್ನ ಕೈಗೆ ಬಂತು. ಇನ್ಯಾರ ಕೈಗೆ ಬರಬೇಕು ಹೇಳಿ? ಹಾರುವ ಸೊಳ್ಳೆಯ ಮೀಸೆ ಬೋಳಿಸಿ ಅದಕ್ಕೆ ಗೊತ್ತಾಗದಂತೆ ಬಿಟ್ಟುಕಳಿಸುವ ಕೈ ಇದು. ಜಾತಿಯ ಗುರುತೇ ಕಿವಿ ಎಂದಮೇಲೆ ಕಿವಿಗೇ ಚಿಮಟ ಹಾಕಿದೆ.

"ಕಿವಿ ಬೇಡ ಕಣೋ, ಕಾಲಿಂದ ತಗೋ," ಎಂದರು ಮಾವ.

"ಯಾಕೆ ಮಾವ, ನೋವಾಗುತ್ತಾ ಅದಕ್ಕೆ?"

"ಅಂದ ಕೆಡುತ್ತೋ, ಮುಠ್ಠಾಳ!"

ಮಾವನ ಮುಲಾಜಿಗೆ ಕಾಲಿನದೂ ಒಂದು ಚೂರು ತೆಗೆದೆ.

ಫಲಿತಾಂಶದ ದಿನ ಮಾವ ತಮ್ಮ ವಿಜಯೋತ್ಸವ ನೋಡಲೆಂದು ಅತ್ತೆಯನ್ನೂ ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಮೇಡಂ ಪ್ರಯೋಗಾಲಯದಿಂದ ಬಂದ ಹಾಳೆ ನೋಡಿದರು, ಕನ್ನಡಕ ಒರೆಸಿದರು, ಮತ್ತೆ ನೋಡಿದರು.

"ಕಿವಿ... ಬೆಕ್ಕಿಂದು ಅಂತಿದೆ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈ ತಪ್ಪುವುದಕ್ಕಿಂತ ಸೂರ್ಯ ರಜೆ ಹಾಕುವುದು ಸುಲಭ. ನಾನು ಮಾವನನ್ನು ನೋಡಿದೆ. ಮಾವ ಚಾವಣಿ ನೋಡಿದರು.

"ಯಾವ ಬೆಕ್ಕು?" ಎಂದರು ಅತ್ತೆ, ಮೆಲ್ಲಗೆ. ಅತ್ತೆಯ ಧ್ವನಿ ಮೆಲ್ಲಗಾದರೆ ಭೂಕಂಪ ಅಳೆಯುವವರು ಎದ್ದು ಕೂರುತ್ತಾರೆ.

"ಹಳೇ ಕಿವೀನ ಹುಳ ತಿಂದುಬಿಟ್ಟಿತ್ತು ಕಣೇ. ಅದೂ ಕರೀದೇ, ನಿನ್ನಾಣೆ. ಹೊಂದೋ ಬಣ್ಣ ಎಲ್ಲೂ ಸಿಗಲಿಲ್ಲ..."

"ನನ್ನ ಕರಿಬೆಕ್ಕು ಮಸಿ! ಸತ್ತಾಗ ಹಿತ್ತಲಲ್ಲಿ ಹೂತೆ ಅಂದ್ರಲ್ರೀ! ಅದರ ಮೇಲೆ ಗುಲಾಬಿ ಬೆಳೆಸಿದೀನಿ ನಾನು!"

"ಬಾಲ ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲೇ ಇದೆ. ಒಂದು ಬಾಲಕ್ಕೆ ಎರಡು ಕಿವಿ ಆಯ್ತು ನೋಡು, ಒಂಚೂರೂ ಹಾಳಾಗಲಿಲ್ಲ."

ನಾವು ನಕ್ಕ ರಭಸಕ್ಕೆ ಗಾಜಿನ ಪೆಟ್ಟಿಗೆಗಳೆಲ್ಲ ಗಡಗಡಿಸಿದವು. ಮಾವ ಮಾತ್ರ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಕೇಳಿದರು: "ಕಾಲು?"

"ಕಾಲು ಮೊಲದ್ದೇ. ಆದ್ರೆ ಬಯಲಿನ ಮೊಲ. ಬೇರೆ ಜಾತಿ ಅಲ್ಲ."

ಮಾವ ಎದ್ದು, ಉಗ್ರಾಣಕ್ಕೆ ಸಾಗಿಸಲು ತಾವೇ ಪೆಟ್ಟಿಗೆಯ ಬೀಗ ತೆಗೆದರು.

"ತಡೀರಿ, ಇನ್ನೂ ಇದೆ," ಎಂದರು ಮೇಡಂ. "ತಾಯಿಂದ ಮಾತ್ರ ಮಕ್ಕಳಿಗೆ ಬರೋ ಡಿಎನ್‌ಎ ಒಂದಿರುತ್ತೆ. ಇದರಲ್ಲಿ ಅದು ಬೆಟ್ಟದ ಮೊಲದ್ದು! ಅಂದ್ರೆ ಇದರ ತಾಯಿ ಕಡೆ ಯಾವಳೋ ಅಜ್ಜಿ ಬೆಟ್ಟದೋಳು. ಈ ಕಡೆ ಬೆಟ್ಟದ ಮೊಲ ಇತ್ತು ಅಂತ ಯಾರಿಗೂ ಗೊತ್ತೇ ಇರಲಿಲ್ಲ. ಇದು ಇಲ್ಲೇ ಇರಲಿ."

ಮಾವ ನಿಂತಲ್ಲೇ ಕುಣಿದರು. "ಹೇಳಿದ್ನೋ ಇಲ್ವೋ!"

"ಬೋರ್ಡಲ್ಲಿ ಮಾತ್ರ ಬೆರಕೆ ಅಂತ ಬರೀಬೇಕು."

"ಬೆರಕೆನಾ? ನನ್ನ ಮೊಲಾನ?"

"ಅಜ್ಜಿ ಬೆಟ್ಟದೋಳು, ಅಜ್ಜ ಬಯಲಿನೋನು, ಕಿವಿ ನಮ್ಮನೆ ಬೆಕ್ಕಿಂದು," ಎಂದರು ಅತ್ತೆ. "ಇನ್ನೇನು, ಅಪ್ಪಟ ಚಿನ್ನ ಅಂತ ಬರೀತಾರಾ? ಲೋ, ಕತ್ತರಿ ಕೊಡೋ. ನನ್ನ ಮಸಿ ಬಾಲ ನನಗೆ ಬೇಕು."

ಕೊಡದೆ ಉಳಿಯುವ ಧೈರ್ಯ ನನ್ನಂಥ ಶೂರನಿಗೂ ಇರಲಿಲ್ಲ.

ಮೊಲ ಈಗ ಕಿವಿಯಿಲ್ಲದೆ, ಕೊಬ್ಬಿದ ಹೆಗ್ಗಣದಂತೆ, ಹಜಾರದಲ್ಲೇ ನಿಂತಿದೆ. ನೋಡುವವರ ಸಾಲಿನ ಕೊನೆ ಇನ್ನೊಂದು ಊರಿನಲ್ಲಿದೆ. ಪಕ್ಕದಲ್ಲಿ ನಿಂತ ಮಾವ ಅದರ ತಾಯಿಯ ಕಡೆಯವರ ದೊಡ್ಡಸ್ತಿಕೆಯನ್ನು ಬಾಯಿತುಂಬ ಹೊಗಳುತ್ತಾರೆ. ಅತ್ತೆಯ ತವರಿನ ಬಗ್ಗೆ ಅಂಥ ಒಂದು ಮಾತೂ ಅವರ ಬಾಯಿಂದ ಇದುವರೆಗೆ ಬಂದಿಲ್ಲ.