ಬೋಳಾರದ ಹಾಲ್‌ಗೆ ಅಂಕ

ಕಲೆಗೆಂದು ಕೊಡುವ ನೆರವು ವೇಷ ಕಟ್ಟಿ ಕುಣಿಯುವವರಿಗೆ ಸಿಗಬೇಕು, ಜಾಗ ಕೊಟ್ಟು ಬದಿಗೆ ನಿಂತವರಿಗೆ ಯಾಕೆ ಎಂಬುದು ನನ್ನ ಹಳೆಯ ಹಟ. ಕೊಡಿಯಾಲ್‌ಬೈಲಿನ ನಮ್ಮ ಟ್ರಸ್ಟ್‌ನಲ್ಲಿ ಅರ್ಜಿಗಳಿಗೆ ಅಂಕ ಹಾಕುವವರು ಇಬ್ಬರು: ನಾಟಕ ವಿಮರ್ಶೆ ಬರೆಯುವ ನಾನು ಮತ್ತು ನಿವೃತ್ತ ಶಿಕ್ಷಕಿ ವಿನಿಫ್ರೆಡ್ ಟೀಚರ್. ನನ್ನ ಹಟ ಅವರಿಗೆ ಹೊಸತಲ್ಲ. "ಇರಲಿ ಮಾರಾಯ್ರೆ, ಮೊದಲು ಹೋಗಿ ನೋಡುವ," ಎಂದರು.

ಹೋದದ್ದು ಬೋಳಾರಕ್ಕೆ, ನಳಿನಾಕ್ಷಿಯವರ ಹಾಲ್‌ಗೆ. ತುಳು, ಕೊಂಕಣಿ, ಬ್ಯಾರಿ ಎನ್ನದೆ ಹವ್ಯಾಸಿ ತಂಡಗಳಿಗೆಲ್ಲ ಅಭ್ಯಾಸಕ್ಕೆ ಜಾಗ ಕೊಡುವ ಸಂಸ್ಥೆ ಅವರದು. ಈ ಸಲ ನೆರವು ಸಿಗದಿದ್ದರೆ ಬಾಡಿಗೆ ಕಟ್ಟಲಾಗದೆ ಹಾಲ್‌ಗೆ ಬೀಗ ಹಾಕುವುದೇ ಎಂದು ಅರ್ಜಿಯಲ್ಲಿ ಬರೆದಿದ್ದರು.

ಅಲ್ಲಿ ನೋಡಿದರೆ ಅಭ್ಯಾಸದ ಸುಳಿವೇ ಇಲ್ಲ. ಸಾಲು ಕುರ್ಚಿ, ಕಾಲುದೀಪ, ಮೈಕ್, ತಟ್ಟೆಯಲ್ಲಿ ಎರಡು ಶಾಲು, ಹಣ್ಣಿನ ಬುಟ್ಟಿ. ನಮಗೆ ಸನ್ಮಾನವಂತೆ. ನಮ್ಮೂರಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು, ಹಾಲ್‌ಗೆ ಬಂದವರಿಗೆ ಶಾಲು. ನನಗೆ ಮೈಯೆಲ್ಲ ಉರಿಯಿತು.

"ಇವತ್ತು ಯಾರ ಅಭ್ಯಾಸ ಇತ್ತು?" ಟೀಚರ್ ಕೇಳಿದರು.

"ಬ್ಯಾರಿ ಹೆಂಗಸರದ್ದು ಮೇಡಂ. ನೀವು ಬರುವಾಗ ಗಲಾಟೆ ಬೇಡ ಅಂತ ಬೆಳಿಗ್ಗೆ ಫೋನ್ ಮಾಡಿ ಬರಬೇಡಿ ಅಂದೆ," ಎಂದರು ನಳಿನಾಕ್ಷಿ.

"ಹಾಗಾದರೆ ನಾವು ನೋಡುವುದು ಎಂತ? ಈ ಶಾಲನ್ನಾ?" ಎಂದೆ ನಾನು.

ಅವರ ಮುಖ ಬಾಡಿತು. ಮಾಡಹೊರಟ ಮರ್ಯಾದೆಯೇ ಮುಳುವಾಯಿತೆಂದು ಆಗಷ್ಟೇ ಹೊಳೆದಿರಬೇಕು. ನಾನಾಗಿದ್ದರೆ ಎದ್ದು ಬರುತ್ತಿದ್ದೆ. ಟೀಚರ್ ಮಾತ್ರ ಕುರ್ಚಿ ಎಳೆದು ಕೂತರು. "ಆ ತಂಡದವರನ್ನು ಕರೀರಿ, ನಾವು ಕಾಯ್ತೇವೆ."

ತಂಡದ ನಿರ್ದೇಶಕಿ ಮುನೀರಾ ಹುಡುಗಿಯರನ್ನು ಕರೆದುಕೊಂಡು ಬೈಯುತ್ತಲೇ ಒಳಗೆ ಬಂದಳು. "ಎಂತ ಅಕ್ಕ ನೀವು? ಮುಂದಿನ ವಾರ ನಾಟಕ ಉಂಟು. ಹೀಗೆ ಒಮ್ಮೆಲೇ ಬೇಡ ಅಂದರೆ ನಾವು ಎಲ್ಲಿಗೆ ಹೋಗುವುದು?" ನಳಿನಾಕ್ಷಿ ಎದುರಾಡದೆ ಕುರ್ಚಿಗಳನ್ನು ಬದಿಗೆ ಸರಿಸತೊಡಗಿದರು. ಅರ್ಜಿಯ ಕತೆ ಮುಗಿಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಸ್ವಲ್ಪ ಖುಷಿಯೂ ಆಯಿತು.

ಟೀಚರ್ ಮುನೀರಾಳನ್ನು ಪಕ್ಕಕ್ಕೆ ಕರೆದರು. "ಇದು ಮುಚ್ಚಿದರೆ ಬೇರೆ ಜಾಗ ಸಿಗುವುದಿಲ್ವಾ?"

"ಜಾಗ ಸಿಗ್ತದೆ ಮೇಡಂ. ಕೊಟ್ಟಾರದಲ್ಲಿ ನನ್ನ ತಮ್ಮನ ಗೋಡೌನ್ ಖಾಲಿ ಉಂಟು. ಆದರೆ ನಮ್ಮ ಹುಡುಗಿಯರನ್ನು ಮನೆಯವರು ಕಳಿಸಬೇಕಲ್ಲ? ಇಲ್ಲಿ ಅಕ್ಕ ಬಾಗಿಲಲ್ಲಿ ಕೂತಿರ್ತಾರೆ. ಮುಗಿದ ಮೇಲೆ ಒಬ್ಬೊಬ್ಬರನ್ನೇ ರಿಕ್ಷಾ ಹತ್ತಿಸ್ತಾರೆ, ಮನೆ ಮುಟ್ಟಿದ ಫೋನ್ ಬರುವವರೆಗೆ ಬೀಗ ಹಾಕುವುದಿಲ್ಲ. ಆ ಧೈರ್ಯದಲ್ಲಿ ಕಳಿಸುವುದು. ಅಕ್ಕ ಇಲ್ಲದಿದ್ದರೆ ನಮ್ಮ ನಾಟಕವೂ ಇಲ್ಲ."

ನಾನು ನಳಿನಾಕ್ಷಿಯವರ ಕಡೆ ತಿರುಗಿದೆ. "ಬಾಗಿಲಲ್ಲಿ ಕೂರುವುದು, ರಿಕ್ಷಾ ಹತ್ತಿಸುವುದು, ಇದನ್ನೆಲ್ಲ ಅರ್ಜಿಯಲ್ಲಿ ಯಾಕೆ ಬರೀಲಿಲ್ಲ ನೀವು?"

"ಅದೆಂತ ಕೆಲಸ ಸರ್? ಸುಮ್ಮನೆ ಕೂತಿರುವುದಲ್ವಾ," ಎಂದರು.

ಅಭ್ಯಾಸ ಶುರುವಾಯಿತು. ಹುಡುಗಿಯರ ದನಿ ಹಾಲ್ ತುಂಬಿತು. ಮೊದಲು ಹೋಗಿ ನೋಡುವ ಎಂದಿದ್ದ ಟೀಚರ್‌ಗೆ ಮನಸ್ಸಿನಲ್ಲೇ ಕೈಮುಗಿದೆ.

ನಳಿನಾಕ್ಷಿ, ನೆರವು ತಪ್ಪಿತೆಂದೇ ನಂಬಿದ್ದವರು, ಕಣ್ಣು ಒರೆಸಿಕೊಂಡು ಹೋಗಿ ಬಾಗಿಲಲ್ಲಿ ಕೂತರು. ಇಷ್ಟು ವರ್ಷ ಆಡುವವರನ್ನೇ ನೋಡುತ್ತ ಬಂದ ನಾನು ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿ ಕೂತೆ, ಪೂರ್ತಿ ಅಂಕ ಹಾಕಿದೆ.