ಯಾವುದಕ್ಕೆ ಹೌದು?

“ಕಣ್ಣಿಲ್ಲ ಅಂತ ಗೊತ್ತಿದ್ದೇ ಕೆಲಸ ಕೊಟ್ವಿ. ಬುದ್ಧೀನೂ ಇಲ್ಲ ಅಂತ ಯಾರೂ ಹೇಳಿರ್ಲಿಲ್ಲವಲ್ಲೇ, ಮುಂಡೇದೇ!”

ಮೇಲ್ವಿಚಾರಕ ಮೇಜು ಗುದ್ದಿದ. ನನ್ನ ಕೀಬೋರ್ಡು ಎಗರಿ ಬಿತ್ತು. ಗಂಡ ಹೋದಮೇಲೆ ಅತ್ತೆಯೂ ಅದೇ ಮಾತು ಅನ್ನುತ್ತಾರೆ. ಕೀಬೋರ್ಡನ್ನು ತಡವಿ ಜಾಗಕ್ಕೆ ಇಟ್ಟೆ.

ಆಸ್ಪತ್ರೆಯ ಗಾಡಿಗಾಗಿ ಬರುವ ಫೋನು ಎತ್ತುವವರು ನಾವು ನಾಲ್ವರು ಕುರುಡರು. ಕೇಳಿದ್ದನ್ನು ಕಂಪ್ಯೂಟರಿನ ಫಾರಂನಲ್ಲಿ ತುಂಬಬೇಕು. ಯಾವ ಗಾಡಿ ಮೊದಲು ಹೊರಡಬೇಕೆಂದು ಕೆಳಗಿನ ಡ್ರೈವರುಗಳಿಗೆ ಆ ಫಾರಂ ಹೇಳುತ್ತದೆ. ಪರದೆಯಲ್ಲಿರುವುದನ್ನು ಒಂದು ದನಿ ನಮ್ಮ ಕಿವಿಗೆ ಓದುತ್ತದೆ. ಪರದೆ ನಮಗಲ್ಲ, ಹಿಂದೆ ನಿಂತು ನೋಡುವ ಮೇಲ್ವಿಚಾರಕನಿಗೆ.

ಹಳೆಯ ಫಾರಂ “ಉಸಿರಾಡಲು ಕಷ್ಟವೆ? ಹೌದು” ಎಂದು ಪೂರ್ತಿ ಓದುತ್ತಿತ್ತು. ಹೊಸದು ಬಂದಮೇಲೆ ಪ್ರಶ್ನೆಗಳ ಬಾಯಿ ಕಟ್ಟಿತು. “ಹೌದು, ರೇಡಿಯೋ ಬಟನ್. ಇಲ್ಲ, ರೇಡಿಯೋ ಬಟನ್. ಹೌದು, ರೇಡಿಯೋ ಬಟನ್.” ಉತ್ತರ ಆರಿಸುವ ಗುಂಡಿಗೆ ಕಂಪ್ಯೂಟರಿನವರು ಇಟ್ಟ ಹೆಸರು ರೇಡಿಯೋ ಬಟನ್. ಪ್ರಶ್ನೆಗಳು ಪರದೆಯ ಮೇಲೆ ಚೆಂದವಾಗಿ ಕಾಣುತ್ತವಂತೆ. ಯಾವ ಪ್ರಶ್ನೆಗೆ ಯಾವ ಹೌದು ಸೇರಿದ್ದೆಂದು ಓದುವ ದನಿಗೆ ಯಾರೂ ಹೇಳಿಕೊಟ್ಟಿಲ್ಲ.

“ಹಾಳು ರೇಡಿಯೋ, ಒಂದು ಹಾಡೂ ಬರಲ್ಲ” ಎಂದು ಬೈದಿದ್ದರು ಪಕ್ಕದ ಮೇಜಿನ ದೊಡ್ಡಪ್ಪ. ನಮ್ಮಲ್ಲಿ ಹಿರಿಯರು, ಎಲ್ಲರಿಗೂ ದೊಡ್ಡಪ್ಪ. “ಎಣಿಸ್ಕೊಳ್ರೋ ಮಕ್ಕಳಾ. ಮೊದಲ್ನೇ ಜೋಡಿ ಪ್ರಜ್ಞೆ, ಎರಡ್ನೇದು ಉಸಿರು, ಮೂರ್ನೇದು ನಡಿಗೆ.”

ಸರಿಪಡಿಸಿ ಎಂದು ಮೂರು ಸಲ ಅರ್ಜಿ ಕೊಟ್ಟೆವು. “ನೋಡೋರಿಗೆ ಎಲ್ಲಾ ಸರಿಯಾಗೇ ಇದೆ” ಎಂದ ಮೇಲ್ವಿಚಾರಕ. ಎಂಟು ತಿಂಗಳು ಎಣಿಸಿಕೊಂಡೇ, ಒಂದೂ ತಪ್ಪಿಲ್ಲದೆ ದುಡಿದೆವು.

ನಿನ್ನೆ ಬೆಳಿಗ್ಗೆ ಎಲ್ಲಕ್ಕಿಂತ ಮೇಲೆ ಹೊಸ ಪ್ರಶ್ನೆ ಸೇರಿಸಿದರು: ಕರೆ ಮಾಡಿದವರೇ ರೋಗಿಯೆ? ನಮಗೆ ಹೇಳಲಿಲ್ಲ. ಮೊದಲ ಫೋನು ನನಗೆ ಬಂತು. ಒಬ್ಬ ಮಗ ತಾಯಿಗೆ ಉಸಿರು ಕಟ್ಟುತ್ತಿದೆ ಎಂದ. ಪ್ರಜ್ಞೆ ಇದೆ, ಉಸಿರಾಟ ಕಷ್ಟ, ನಡೆಯಲಾರರು. ಹೌದು, ಹೌದು, ಇಲ್ಲ ಎಂದು ಎಣಿಸಿ ಒತ್ತಿದೆ. ಕೊನೆಯ ಪ್ರಶ್ನೆ ಖಾಲಿ ಉಳಿದರೂ ಫಾರಂ ಕಮಕ್ ಕಿಮಕ್ ಎನ್ನದೆ ಹೋಯಿತು. ನಡಿಗೆಗೆಂದು ಒತ್ತಿದ ಇಲ್ಲ ಉಸಿರಿನ ಮುಂದೆ ಕೂತಿತ್ತು.

ಗಾಡಿ ಹೋಗಲು ಒಂದೂವರೆ ಗಂಟೆಯಾಯಿತು. ತಾಯಿ ದಾರಿಯಲ್ಲೇ ತೀರಿಹೋದರು.

ಸಂಜೆ ಮಗ ಮತ್ತೆ ಫೋನು ಮಾಡಿದ. “ಅಕ್ಕಾ, ನಾನು ಉಸಿರು ಅಂತ ಹೇಳಿದ್ನಲ್ಲಾ?”

“ಹೇಳಿದ್ರಿ” ಎಂದೆ. ಅವನು ಇಟ್ಟುಬಿಟ್ಟ.

ಮೇಲ್ವಿಚಾರಕ ಈಗ ಒಂದು ಕಾಗದವನ್ನು ನನ್ನ ಕೈಗೆ ತುರುಕಿದ. ಜೊತೆಗೆ ಫಾರಂ ಮಾಡಿದ ಪ್ರೋಗ್ರಾಮಿನವನೂ ಬಂದಿದ್ದ.

“ಏನು ಬರ್ದಿದೆ ಸಾರ್?”

“ನನ್ನ ದೃಷ್ಟಿದೋಷದಿಂದ ತಪ್ಪಾಯ್ತು ಅಂತ. ಹೆಬ್ಬೆಟ್ಟು ಒತ್ತು. ಒತ್ತಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ.”

“ಎಂ.ಎ. ಓದಿದೀನಿ ಸಾರ್. ಸಹಿ ಮಾಡೋಕೆ ಬರುತ್ತೆ.”

“ಮಾಡಿ ಸಾಯಿ ಮತ್ತೆ.”

“ಫಾರಂ ಸರಿ ಮಾಡ್ತೀರಾ?”

“ಮೇಡಂ, ಪ್ರಶ್ನೆ ದಪ್ಪಕ್ಷರದಲ್ಲೇ ಇದೆ” ಎಂದ ಪ್ರೋಗ್ರಾಮಿನವನು. “ಯಾರು ಬೇಕಾದ್ರೂ ನೋಡ್ಬೋದು.”

ಪರದೆಯ ಅಂಚು ತಡವಿ ಗುಂಡಿ ಒತ್ತಿದೆ. “ಏಯ್, ಯಾಕೆ ಪರದೆ ಆರ್ಸಿದ್ರಿ?” ಎಂದ ಅವನು. ಇಯರ್‌ಫೋನಿನ ತಂತಿ ಕಿತ್ತು ಎದ್ದು ನಿಂತೆ.

“ಕೂತ್ಕೊಳ್ಳಿ. ಉಸಿರಿನ ಹೌದು ಯಾವ್ದು, ಹುಡುಕಿ ಕೊಡಿ” ಎಂದೆ ಅವನಿಗೆ.

“ಕೂರಪ್ಪಾ ಕೂರು” ಎಂದರು ದೊಡ್ಡಪ್ಪ. “ಎಣಿಸೋಕೆ ಬೇಕಾದ್ರೆ ನಾನು ಹೇಳ್ಕೊಡ್ತೀನಿ.”

ಕುರ್ಚಿ ಕಿರುಗುಟ್ಟಿತು. ಕೀಲಿ ಒತ್ತಿದ ಸದ್ದು. ಯಂತ್ರದ ದನಿ ಮೊದಲ ಸಲ ಇಡೀ ಕೋಣೆಗೆ ಕೇಳಿಸಿತು. “ಹೌದು, ರೇಡಿಯೋ ಬಟನ್.”

“ಯಾವುದಕ್ಕೆ ಹೌದು?” ಎಂದೆ.

ಮತ್ತೆ ಒತ್ತಿದ. “ಇಲ್ಲ, ರೇಡಿಯೋ ಬಟನ್.” ಇನ್ನೂ ಒಮ್ಮೆ. “ಹೌದು, ರೇಡಿಯೋ ಬಟನ್.” ಕೀಲಿಯ ಸದ್ದು ನಿಂತಿತು.

“ನಾಟಕ ಸಾಕು!” ಎಂದು ಮೇಲ್ವಿಚಾರಕ ಕೂಗುವಷ್ಟರಲ್ಲಿ ಫೋನು ಬಂತು. ಕೀಲಿ ತಡವಿ ಎತ್ತಿದೆ. ತಂತಿ ಕಿತ್ತಿದ್ದರಿಂದ ಒಬ್ಬ ಹೆಂಗಸಿನ ದನಿಯೂ ಕೋಣೆಯೊಳಗೇ ಬಂತು.

“ಹಲೋ? ನಮ್ಮೆಜಮಾನ್ರು... ಉಸಿರೇ ಎಳೀತಿಲ್ಲ...”

“ಎಲ್ಲಿದೀರಮ್ಮಾ?” ಎಂದೆ.

“ನೀರಿನ ಟ್ಯಾಂಕಿನ ಹಿಂದಿನ ಬೀದಿ. ಹಸಿರು ಬಾಗಿಲು.”

ಕಿಟಕಿಗೆ ಹನ್ನೊಂದು ಹೆಜ್ಜೆ. ಗೋಡೆ ಹಿಡಿದು ನಡೆದೆ.

“ಫಾರಂ ಇಲ್ದೆ ಗಾಡಿ ಬಿಡೋ ಹಾಗಿಲ್ಲ ಕಣೇ! ಕೆಲಸ ಹೋಗುತ್ತೆ ನಿಂದು!”

ಸರಳು ಹಿಡಿದು ಕೆಳಗೆ ಕೂಗಿದೆ. “ಅಣ್ಣಾ! ಟ್ಯಾಂಕಿನ ಹಿಂದಿನ ಬೀದಿ, ಹಸಿರು ಬಾಗಿಲು. ಉಸಿರಿಲ್ಲ. ಹೊರಡು!”

“ಫಾರಂ ಬಂದಿಲ್ಲವಲ್ಲಕ್ಕಾ?” ಎಂದ ಡ್ರೈವರು.

“ಬರಲ್ಲ. ಹೊರಡು!”

ಹಿಂದೆ ದೊಡ್ಡಪ್ಪ ತಮ್ಮ ತಂತಿ ಕಿತ್ತರು. ಇನ್ನೊಂದು ಮೇಜು. ಮತ್ತೊಂದು. ಮೂವರೂ ಕೀಲಿ ಒತ್ತತೊಡಗಿದರು. ಹೌದು. ಇಲ್ಲ. ಹೌದು. ಹೌದು. ಇಲ್ಲ.

ಸಹಿಯಿಲ್ಲದ ಕಾಗದ ನನ್ನ ಕೈಯಲ್ಲೇ ಇತ್ತು. ಆ ಗದ್ದಲದ ನಡುವೆ ಇಂಜಿನ್ನಿನ ಸದ್ದಿಗಾಗಿ ಕಿವಿಗೊಟ್ಟು ನಿಂತೆ.